ಸ್ವಲೀನತೆಯ ಮಗುವೂ ಹೊಸ ತರಗತಿಯೂ

ಮೇ ತಿಂಗಳ ಕಡೆಯ ವಾರದಲ್ಲಿ ತುಮಕೂರಿನ ಅಂಗಡಿಬೀದಿಗಳಲ್ಲಿ ನಡೆದಾಡುವವರಿಗೆ ಶಾಲೆಗಳು ತೆರೆಯುವ ಕಾಲ ಬಂದಿತೆಂದು ಬೇರೆಯವರು ಹೇಳಬೇಕಾದುದಿಲ್ಲ. ನೋಟ್‌ಪುಸ್ತಕ, ಚೀಲ, ಸಮವಸ್ತ್ರಗಳ ಅಂಗಡಿಗಳ ಮುಂದೆ ಜನವು ತುಂಬಿರುವುದು. ಗುಬ್ಬಿಯಲ್ಲಿಯೂ ಕುಣಿಗಲಿನಲ್ಲಿಯೂ ಪೇಟೆ ಕಿರಿದಾದರೂ ಸಂಭ್ರಮ ಇದೇ. ಆದರೆ ಇದೇ ವಾರದಲ್ಲಿ ಕೆಲವು ಮನೆಗಳ ತಾಯಿತಂದೆಗಳಿಗೆ ರಾತ್ರಿ ನಿದ್ರೆ ಬಾರದು. ಅವರ ಮಗುವಿಗೆ ಐದೋ ಆರೋ ವರ್ಷ ತುಂಬಿದೆ. ಹೆಸರು ಹಿಡಿದು ಕರೆದರೆ ಅದು ತಿರುಗಿ ನೋಡುವುದು ಅಪರೂಪ. ಅಡಿಗೆಮನೆಯಲ್ಲಿ ಮಿಕ್ಸಿಯ ಸದ್ದಾದರೆ ಎರಡು ಕಿವಿಗಳನ್ನೂ ಮುಚ್ಚಿಕೊಂಡು ಹಿತ್ತಲಿಗೆ ಓಡುವುದು. ಬಟ್ಟಲು, ಚಮಚ, ಆಟಿಕೆಯ ಕಾರು, ಏನು ಸಿಕ್ಕಿದರೂ ಸಾಲಾಗಿ ಜೋಡಿಸುವುದು. ಆ ಸಾಲನ್ನು ಯಾರಾದರೂ ಕದಲಿಸಿದರೆ ಮನೆ ಕಿತ್ತುಹೋಗುವಂತೆ ಅಳುವುದು. ವೈದ್ಯರು ಇದಕ್ಕೆ ಆಟಿಸಂ ಎಂದು ಹೆಸರು ಹೇಳಿದ್ದಾರೆ. ಇಂತಹ ಮಗುವು ಮೂವತ್ತು ಮಕ್ಕಳ ಗದ್ದಲದಲ್ಲಿ ಕುಳಿತೀತೆ? ಕುಳಿತರೂ ಶಾಲೆಯವರು ಎಷ್ಟು ದಿನ ಇಟ್ಟುಕೊಂಡಾರು? ಈ ಎರಡು ಪ್ರಶ್ನೆಗಳನ್ನು ಕುರಿತೇ ನಾವು ಈ ಸಲ ಬರೆಯುವುದು.

ಎರಡನೆಯ ಪ್ರಶ್ನೆಯಲ್ಲಿಯೇ ನಿಜವಾದ ಆತಂಕವಿದೆ. ಶಾಲೆಯಲ್ಲಿ ಸ್ಥಳ ಸಿಕ್ಕುವುದು ಒಂದು ಮಾತು, ಆ ಸ್ಥಳವು ಉಳಿಯುವುದು ಇನ್ನೊಂದು ಮಾತು. ಮೊದಲ ವಾರದಲ್ಲಿ ಮಗುವು ಕಿರುಚುವುದು, ಬಾಗಿಲ ಕಡೆಗೆ ಓಡುವುದು, ಪಕ್ಕದ ಮಗುವನ್ನು ನೂಕುವುದು. ಎರಡನೆಯ ವಾರದಲ್ಲಿ ಮುಖ್ಯೋಪಾಧ್ಯಾಯರು ತಂದೆಯನ್ನು ಕರೆಸಿ, “ಮಾತು ಬಂದಮೇಲೆ ಕರೆದುಕೊಂಡು ಬನ್ನಿ” ಎನ್ನುವರು. ಹಾಗೆ ಹಿಂದಿರುಗಿದ ಮಗುವು ಮನೆಯ ನಾಲ್ಕು ಗೋಡೆಗಳ ನಡುವೆಯೇ ಉಳಿದುಬಿಡುವುದುಂಟು. ಆದುದರಿಂದ ಮೊದಲ ಹದಿನೈದು ದಿನಗಳು ಬಲು ಮುಖ್ಯ. ಆ ಹದಿನೈದು ದಿನಗಳು ಸುಗಮವಾಗಬೇಕಾದರೆ ಮಾಡಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲು ಮೊದಲನೆಯ ದಿನಕ್ಕೆ ಮುಂಚೆಯೇ ಆಗತಕ್ಕದ್ದು.

ಇದು ಏತಕ್ಕೆಂಬುದನ್ನು ತಿಳಿಯಲು ಈ ಸ್ಥಿತಿಯ ಸ್ವರೂಪವನ್ನು ಸ್ವಲ್ಪ ನೋಡಬೇಕು. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಮಾತು ರೂಢಿಗೆ ಬಂದಿದೆ. ತನ್ನಲ್ಲಿ ತಾನೇ ಲೀನವಾಗಿರುವುದೆಂದು ಅರ್ಥ. ಮಾತು ಸೊಗಸಾಗಿದೆ, ಆದರೆ ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಯೋಗಿಯ ಹಾಗೆ ಈ ಮಗುವು ಹೊರಗಿನ ಲೋಕವನ್ನು ಮರೆತು ಕುಳಿತಿರುವುದೆಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ. ವಾಸ್ತವವಾಗಿ ಎಷ್ಟೋ ಮಕ್ಕಳ ವಿಷಯದಲ್ಲಿ ಹೊರಗಿನ ಲೋಕವು ನಮ್ಮ ಮೇಲೆ ಬೀಳುವುದಕ್ಕಿಂತ ಹೆಚ್ಚಾಗಿಯೇ ಅವರ ಮೇಲೆ ಬಂದು ಬೀಳುತ್ತದೆ. ನಾವು ಕೇಳಿಯೂ ಕೇಳದಂತಿರುವ ಫ್ಯಾನಿನ ಸದ್ದು, ಅಂಗಿಯ ಕತ್ತುಪಟ್ಟಿಯಲ್ಲಿರುವ ಚೀಟಿ, ಟ್ಯೂಬ್‌ಲೈಟಿನ ಮಿಣುಕು, ಇವೆಲ್ಲವೂ ಅವರಿಗೆ ಒಮ್ಮೆಗೇ ತಾಗುತ್ತವೆ.

೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು ೧೧ ಮಕ್ಕಳನ್ನು ಪರೀಕ್ಷಿಸಿ ಒಂದು ಲೇಖನವನ್ನು ಪ್ರಕಟಿಸಿದರು. ಈ ಸ್ಥಿತಿಯನ್ನು ಬೇರೆಯಾಗಿ ಗುರುತಿಸಿ ಹೆಸರಿಟ್ಟ ಲೇಖನವದು. ಆ ಮಕ್ಕಳಲ್ಲಿ ಅವರು ಕಂಡ ಮುಖ್ಯ ಲಕ್ಷಣಗಳು ಎರಡು: ಜನರ ಸಂಪರ್ಕದಿಂದ ದೂರವಿರುವುದು, ಮತ್ತು ಸುತ್ತಲಿನದೆಲ್ಲವೂ ನಿನ್ನೆಯಿದ್ದಂತೆಯೇ ಇಂದೂ ಇರಬೇಕೆಂಬ ತೀವ್ರವಾದ ಹಂಬಲ. ಈ ಎರಡನೆಯ ಲಕ್ಷಣವೇ ನಮ್ಮ ವಿಷಯಕ್ಕೆ ಮೂಲ. ನಿನ್ನೆಯಂತೆ ಇಂದೂ ಇರಬೇಕೆನ್ನುವ ಮಗುವಿಗೆ ಹೊಸ ತರಗತಿಯೆಂಬುದು ಎಲ್ಲವೂ ಒಂದೇ ಬೆಳಿಗ್ಗೆ ಬದಲಾದಂತೆ.

ಬೇನೆಯ ಹೊಣೆಯನ್ನು ತಾಯಿಯ ತಲೆಗೆ ಕಟ್ಟುವ ಪದ್ಧತಿಯೊಂದು ಹಿಂದೆ ವೈದ್ಯರಲ್ಲಿಯೂ ಇತ್ತು. ತಾಯಿಯ ಪ್ರೀತಿ ಸಾಲದೆ ಮಗುವು ಹೀಗಾಯಿತೆಂದು ಪಶ್ಚಿಮದೇಶಗಳಲ್ಲಿ ವರ್ಷಗಟ್ಟಲೆ ನಂಬಿದ್ದರು. ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು, ತಾವೇ ಇಂತಹ ಮಗುವಿನ ತಂದೆ, ೧೯೬೪ರಲ್ಲಿ ಗ್ರಂಥವೊಂದನ್ನು ಬರೆದು ಈ ವಾದವನ್ನು ಮುರಿದರು. ಇದು ಮಿದುಳಿನ ಬೆಳವಣಿಗೆಗೆ ಸೇರಿದ್ದು, ಸಾಕಣೆಯ ದೋಷವಲ್ಲ. ಆದರೂ ನಮ್ಮ ಮನೆಗಳಲ್ಲಿ ಆ ವಾದವು ಬೇರೆ ವೇಷದಲ್ಲಿ ಬದುಕಿದೆ. “ಇವಳು ಕೆಲಸಕ್ಕೆ ಹೋದಳು, ಅದಕ್ಕೇ ಹೀಗಾಯಿತು” ಎಂಬ ಮಾತನ್ನು ಕೇಳದ ತಾಯಿಯಿಲ್ಲ. ಅಜ್ಜಿಯು ಮಾತು ತಿರುಗಲೆಂದು ಬಜೆಬೇರು ತೇದು ನಾಲಿಗೆಗೆ ಹಚ್ಚುವಳು, ಎಡೆಯೂರಿನ ಸಿದ್ಧಲಿಂಗೇಶ್ವರನಿಗೆ ಹರಕೆ ಹೊರುವಳು. ಹರಕೆಯಿಂದ ಮಗುವಿಗೆ ಕೇಡಿಲ್ಲ, ಅಜ್ಜಿಗೆ ಸಮಾಧಾನವೂ ಉಂಟು. “ಗಂಡುಹುಡುಗರಿಗೆ ಮಾತು ತಡ” ಎಂದು ಹೇಳಿಕೊಂಡು ಎರಡು ವರ್ಷ ಕಾದು ಕೂರುವುದರಿಂದ ಮಾತ್ರ ಕೇಡುಂಟು.

ಈಗ ಶಾಲೆಯ ವಿಷಯಕ್ಕೆ ಬರೋಣ. ಗುಬ್ಬಿಯವರಿಗೆ ತಾಲೀಮು ಎಂಬ ಮಾತಿನ ಅರ್ಥವನ್ನು ನಾವು ಹೇಳಿಕೊಡಬೇಕಾದುದಿಲ್ಲ. ೧೮೮೪ರಲ್ಲಿ ಹುಟ್ಟಿ ಮುಂದೆ ವೀರಣ್ಣನವರ ಕೈಯಲ್ಲಿ ಹೆಸರಾದ ಗುಬ್ಬಿಯ ನಾಟಕ ಕಂಪೆನಿಯು ಆ ಊರಿನದೇ. ಯಾವ ನಟನೂ ತಾಲೀಮಿಲ್ಲದೆ ರಂಗಕ್ಕೆ ಇಳಿಯುವುದಿಲ್ಲ. ಎಲ್ಲಿ ನಿಲ್ಲಬೇಕು, ಯಾರು ಎದುರಿಗೆ ಬರುವರು, ಯಾವಾಗ ಒಳಗೆ ಹೋಗಬೇಕು ಎಂಬುದು ಪರದೆ ಏಳುವ ಮೊದಲೇ ಅವನಿಗೆ ಗೊತ್ತಿರುತ್ತದೆ. ಸ್ವಲೀನತೆಯ ಮಗುವಿಗೂ ಬೇಕಾದುದು ಇಂತಹುದೊಂದು ತಾಲೀಮು. ಅದು ಕಷ್ಟದ ಕೆಲಸವೂ ಅಲ್ಲ, ಹಣದ ಕೆಲಸವೂ ಅಲ್ಲ.

ಮಕ್ಕಳು ಬರುವುದಕ್ಕಿಂತ ಮೊದಲು ಉಪಾಧ್ಯಾಯರು ಶಾಲೆಗೆ ಬಂದು ಕೊಠಡಿಗಳನ್ನು ಗುಡಿಸಿ ಸಾರಿಸಿ ಅಣಿಮಾಡಿಸುತ್ತಾರಷ್ಟೆ. ಆಗ ಅವರ ಅನುಮತಿಯನ್ನು ಪಡೆದು ಮಗುವನ್ನು ಬರಿದಾದ ಶಾಲೆಗೆ ಕರೆದೊಯ್ಯಬೇಕು. ಗೇಟನ್ನು ಮುಟ್ಟಲಿ, ಜಗಲಿಯ ಮೇಲೆ ನಡೆಯಲಿ, ತಾನು ಕೂರುವ ಜಾಗದಲ್ಲಿ ಕೂರಲಿ, ನಲ್ಲಿಯನ್ನು ತಿರುಗಿಸಿ ನೋಡಲಿ. ಶೌಚಾಲಯವನ್ನಂತೂ ಮರೆಯಬಾರದು. ಶಾಲೆಯ ಶೌಚಾಲಯದ ಕತ್ತಲೆಗೂ ವಾಸನೆಗೂ ಅಂಜಿ ದಿನವಿಡೀ ತಡೆದುಕೊಂಡು ಸಂಜೆ ಮನೆಯ ಹೊಸ್ತಿಲಲ್ಲಿ ಚಡ್ಡಿ ಒದ್ದೆಮಾಡಿಕೊಳ್ಳುವ ಮಕ್ಕಳುಂಟು. ಮಧ್ಯಾಹ್ನದ ರಂಪಕ್ಕೆಲ್ಲಾ ಕಾರಣ ಅದೇ ಆಗಿರಬಹುದು. ಒಂದು ದಿನ ಸಾಲದು, ಮೂರು ದಿನ ಹೋದರೆ ಒಳ್ಳೆಯದು. ಸಾಧ್ಯವಾದರೆ ಮುಂದೆ ಯಾವ ದಾರಿಯಲ್ಲಿ ಯಾವ ವಾಹನದಲ್ಲಿ ಹೋಗುವುದೋ ಅದರಲ್ಲಿಯೇ ಹೋಗಬೇಕು.

ಈಗ ಬಹುಮಂದಿಯ ಕೈಯಲ್ಲಿಯೂ ಮೊಬೈಲ್ ಇರುವುದರಿಂದ ಗೇಟು, ಕೊಠಡಿ, ಊಟದ ಜಗಲಿ, ಶೌಚಾಲಯ, ಒಪ್ಪಿದರೆ ಉಪಾಧ್ಯಾಯಿನಿಯವರ ಮುಖ, ಇವುಗಳ ಚಿತ್ರಗಳನ್ನು ತೆಗೆದು ಸ್ಟುಡಿಯೋದಲ್ಲಿ ಅಚ್ಚುಹಾಕಿಸಿ, ದಾರದಲ್ಲಿ ಪೋಣಿಸಿ ಒಂದು ಪುಟ್ಟ ಪುಸ್ತಕ ಮಾಡಬಹುದು. ರಾತ್ರಿ ಮಲಗುವಾಗ ಅದನ್ನು ತಿರುವಿಹಾಕಿ, ಒಂದೊಂದು ಚಿತ್ರಕ್ಕೂ ಒಂದೊಂದೇ ವಾಕ್ಯ ಹೇಳಬೇಕು. ಹೊಸ ಸಮವಸ್ತ್ರವನ್ನು ನಾಲ್ಕಾರು ಸಲ ಒಗೆದು ಗಂಜಿಯ ಬಿಗುವನ್ನು ತೆಗೆದು, ಕತ್ತಿನ ಚೀಟಿಯನ್ನು ಬಿಚ್ಚಿ, ಮನೆಯಲ್ಲಿಯೇ ವಾರದ ಮುಂಚೆ ತೊಡಿಸಲಾರಂಭಿಸಬೇಕು. ಷೂ ಮತ್ತು ಕಾಲುಚೀಲಗಳ ವಿಷಯವೂ ಹೀಗೆಯೇ. ಮೊದಲನೆಯ ದಿನವೇ ಹೊಸ ಬಟ್ಟೆ, ಹೊಸ ಷೂ, ಹೊಸ ಚೀಲ, ಹೊಸ ಊಟದ ಡಬ್ಬಿ ಎಂದು ಎಲ್ಲವನ್ನೂ ಸಿಂಗರಿಸಿ ಕಳುಹಿಸುವ ಆಸೆ ತಾಯಿತಂದೆಗಳಿಗೆ ಸಹಜ. ಈ ಮಗುವಿನ ಮಟ್ಟಿಗೆ ಚೀಲವಾದರೂ ಹಳೆಯದಿರಲಿ.

ಶಾಲೆ ತೆರೆಯುವ ದಿನದ ಪ್ರಾರಂಭೋತ್ಸವದಲ್ಲಿ ನಮ್ಮ ಶಾಲೆಗಳು ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಮಕ್ಕಳಿಗೆ ಹೂವು ಕೊಟ್ಟು, ಸಿಹಿ ಹಂಚುತ್ತವೆ. ಕೆಲವೆಡೆ ವಾದ್ಯವೂ ಮೈಕೂ ಇರುವುದು. ಬಹಳ ಒಳ್ಳೆಯ ಪದ್ಧತಿ. ಆದರೆ ಸ್ವಲೀನತೆಯ ಮಗುವನ್ನು ಪರಿಚಯಿಸುವುದಕ್ಕೆ ವರ್ಷದಲ್ಲಿ ಇದಕ್ಕಿಂತ ಕೆಟ್ಟ ದಿನ ಮತ್ತೊಂದಿಲ್ಲ. ಉತ್ಸವ ಮುಗಿದ ಮೇಲೆ ಮೂರನೆಯ ದಿನವೋ ನಾಲ್ಕನೆಯ ದಿನವೋ, ಉಳಿದ ಮಕ್ಕಳು ತಮ್ಮ ಜಾಗಗಳಲ್ಲಿ ನೆಲೆಗೊಂಡ ಮೇಲೆ ಕರೆತಂದರೆ ಏನೂ ಮುಳುಗಿಹೋಗದು. ಮೊದಲ ವಾರ ಒಂದು ಗಂಟೆ, ಎರಡನೆಯ ವಾರ ಊಟದವರೆಗೆ, ಆಮೇಲೆ ಪೂರ್ತಿ ದಿನ ಎಂದು ಉಪಾಧ್ಯಾಯರೊಡನೆ ಒಪ್ಪಂದಕ್ಕೆ ಬರಬಹುದು. ಮಗುವು ಅತ್ತು ಸಾಕಾದಮೇಲೆ ಮನೆಗೆ ಕರೆದೊಯ್ಯುವುದಕ್ಕಿಂತ, ಇನ್ನೂ ನಗುನಗುತ್ತಿರುವಾಗಲೇ ಕರೆದೊಯ್ಯುವುದು ಲೇಸು. ಹಾಗೆ ಮಾಡಿದರೆ ಮಾರನೆಯ ದಿನ ಗೇಟಿನ ಬಳಿ ಎಳೆದಾಟವಿರದು.

ಅನೇಕ ಶಾಲೆಗಳಲ್ಲಿ ತಾಯಿಯನ್ನು ಜೊತೆಯಲ್ಲಿಯೇ ಕೂರಿಸಿಕೊಳ್ಳುತ್ತಾರೆ. ಕೆಲವು ದಿನ ಇದು ಅಗತ್ಯ. ಆದರೆ ವರ್ಷಪೂರ್ತಿ ತಾಯಿಯೇ ಪಕ್ಕದಲ್ಲಿದ್ದರೆ ಮಗುವು ತರಗತಿಗೆ ಸೇರಿದಂತಾಗದು, ತಾಯಿಯ ಕೆಲಸವೂ ಕೆಟ್ಟೀತು. ಮೊದಲು ಪಕ್ಕದಲ್ಲಿ, ಆಮೇಲೆ ಕೊಠಡಿಯ ಹಿಂದೆ, ಆಮೇಲೆ ಜಗಲಿಯಲ್ಲಿ, ಆಮೇಲೆ ಗೇಟಿನ ಹೊರಗೆ, ಹೀಗೆ ಮೆಟ್ಟಿಲುಮೆಟ್ಟಿಲಾಗಿ ಹಿಂದೆ ಸರಿಯಬೇಕು. ಇಲ್ಲಿ ನಮ್ಮಲ್ಲಿ ಬಹಳ ರೂಢಿಯಲ್ಲಿರುವ ಒಂದು ಕೆಟ್ಟ ಚಾಳಿಯನ್ನು ಹೇಳದಿರಲಾರೆವು. ಮಗುವು ಆಟಿಕೆಯನ್ನು ನೋಡುತ್ತಿರುವಾಗ ತಾಯಿ ಸದ್ದಿಲ್ಲದೆ ಹಿಂಬಾಗಿಲಿನಿಂದ ಮಾಯವಾಗುವುದು! ಬೇರೆ ಮಕ್ಕಳು ಇದನ್ನು ಒಂದು ವಾರದಲ್ಲಿ ಮರೆತಾರು. ಈ ಮಗುವಾದರೋ, ಕಣ್ಣು ತಿರುಗಿಸಿದರೆ ಅಮ್ಮ ಇಲ್ಲವಾಗುವಳೆಂಬ ಪಾಠವನ್ನು ಕಲಿತು ಆ ಕೊಠಡಿಯನ್ನೇ ದ್ವೇಷಿಸುವುದು. “ಅಮ್ಮ ಹೋಗುತ್ತಾಳೆ. ಊಟ ಆದಮೇಲೆ ಅಮ್ಮ ಬರುತ್ತಾಳೆ” ಎಂದು ಎದುರಿಗೆ ಹೇಳಿಯೇ ಹೋಗಬೇಕು, ಅತ್ತರೂ ಹೇಳಿ ಹೋಗಬೇಕು. ಗಡಿಯಾರದ ಲೆಕ್ಕ ಅದಕ್ಕೆ ತಿಳಿಯದು, ಊಟದ ಲೆಕ್ಕ ತಿಳಿದೀತು. ಹೇಳಿದ ಹೊತ್ತಿಗೆ ತಪ್ಪದೆ ಬರಬೇಕು.

ತರಗತಿಯ ಒಳಗೆ ಉಪಾಧ್ಯಾಯರು ಮಾಡಬೇಕಾದುದೇನು? ನಮ್ಮ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಲ್ಲಿ ನಡೆಯುವ ನಲಿಕಲಿ ಪದ್ಧತಿಯು ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದುದು. ಮಕ್ಕಳು ಗುಂಪುಗುಂಪಾಗಿ ಕೂರುವರು. ಪ್ರತಿಯೊಂದು ಮಗುವೂ ಚಿತ್ರವುಳ್ಳ ಕಾರ್ಡುಗಳನ್ನು ಹಿಡಿದು ತನ್ನ ನಡಿಗೆಯಲ್ಲಿ ಕಲಿಕೆಯ ಮೆಟ್ಟಿಲುಗಳನ್ನೇರುವುದು. ಇದರಲ್ಲಿ ನಮ್ಮ ಮಗುವಿಗೆ ಅನುಕೂಲವಾದುದು ಬಹಳವಿದೆ: ಚಿತ್ರವಿದೆ, ಕ್ರಮವಿದೆ, ಇನ್ನೊಬ್ಬರೊಡನೆ ಓಟವಿಲ್ಲ. ಅನನುಕೂಲವೂ ಇದೆ. ನಾಲ್ಕೈದು ಗುಂಪುಗಳು ಒಮ್ಮೆಗೇ ಮಾತನಾಡುವ ಕಲರವ. ತಲೆಯ ಮೇಲೆ ದಾರದಲ್ಲಿ ತೂಗಿಬಿಟ್ಟ ಬಣ್ಣದ ಕಾಗದಗಳ ಚಪ್ಪರವು ಗಾಳಿಗೆ ಅಲ್ಲಾಡುತ್ತಲೇ ಇರುವುದು. ಮಗುವನ್ನು ಗೋಡೆಯ ಬದಿಗೆ, ಚಪ್ಪರವು ವಿರಳವಾಗಿರುವ ಕಡೆ, ಬಾಗಿಲಿಗೆ ಬೆನ್ನುಮಾಡಿ ಕೂರಿಸಿದರೆ ಅರ್ಧ ಕಷ್ಟ ಕಳೆಯಿತು. ಆ ಜಾಗವನ್ನು ಮತ್ತೆ ಬದಲಿಸಬಾರದು.

ಕಾರ್ಡಿನ ಪರಿಚಯವುಳ್ಳ ಉಪಾಧ್ಯಾಯರಿಗೆ ದಿನಚರಿಯ ಚಿತ್ರಪಟ್ಟಿಯನ್ನು ಮಾಡುವುದು ಎಷ್ಟರ ಕೆಲಸ? ಪ್ರಾರ್ಥನೆ, ಹಾಲು, ಪಾಠ, ಆಟ, ಊಟ, ಮನೆ ಎಂದು ಆರು ಚಿತ್ರಗಳನ್ನು ಗೋಡೆಗೆ ಸಾಲಾಗಿ ಅಂಟಿಸಿ, ಒಂದೊಂದು ಕೆಲಸ ಮುಗಿದಾಗಲೂ ಮಗುವಿನ ಕೈಯಿಂದಲೇ ಆ ಚಿತ್ರವನ್ನು ತೆಗೆಸಿ ಪೆಟ್ಟಿಗೆಗೆ ಹಾಕಿಸಬೇಕು. ಈಗ ಎಷ್ಟಾಯಿತು, ಇನ್ನೆಷ್ಟಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದಲ್ಲಿ ಎರಿಕ್ ಶಾಪ್ಲರ್ ಎಂಬವರು ೧೯೭೨ರಲ್ಲಿ ರಾಜ್ಯವ್ಯಾಪಿಯಾಗಿ ನೆಲೆಗೊಳಿಸಿದ ಶಿಕ್ಷಣಕ್ರಮಕ್ಕೆ ಇಂತಹ ಚಿತ್ರಪಟ್ಟಿಗಳೇ ಆಧಾರ. ಈಗ ಅವು ಲೋಕದ ಎಲ್ಲೆಡೆ ಬಳಕೆಯಲ್ಲಿವೆ. ಹಾಲಿನ ವಿಷಯದಲ್ಲಿ ಒಂದು ಮಾತು. ಶಾಲೆಯಲ್ಲಿ ಕೊಡುವ ಹಾಲು ಪುಡಿಯಿಂದ ಮಾಡಿದ್ದು; ಅದರ ವಾಸನೆ ಮನೆಯ ಹಾಲಿನದಲ್ಲ. ಕುಡಿಯದಿದ್ದರೆ ಬಲವಂತ ಬೇಡ. ಬಿಸಿಯೂಟದ ಸಾಂಬಾರೂ ಹೀಗೆಯೇ. ಬರಿಯ ಮೊಸರನ್ನವನ್ನೇ ತಿನ್ನುವ ಮಗುವಿಗೆ ಕೆಲವು ತಿಂಗಳು ಮೊಸರನ್ನವೇ ಸಾಕು; ಉಳಿದವರ ಪಂಕ್ತಿಯಲ್ಲಿ ಕುಳಿತು ತಿಂದರೆ ಅದೇ ದೊಡ್ಡ ಗೆಲುವು.

ಇಂತಹ ಮಕ್ಕಳ ಮಾತಿನ ರೀತಿಯನ್ನು ತಿಳಿಯದೆ ಉಪಾಧ್ಯಾಯರು ಮುನಿಯುವುದುಂಟು. “ನೀರು ಬೇಕಾ?” ಎಂದು ಕೇಳಿದರೆ ಮಗುವು “ನೀರು ಬೇಕಾ?” ಎಂದೇ ಹಿಂದಿರುಗಿಸುವುದು. ಇದು ಅಣಕವಲ್ಲ, ಬೇಕೆಂದೇ ಅದರ ಅರ್ಥ. ಮನೆಗೆ ಹೋಗಬೇಕಾದಾಗ “ಹೋಗ್ತೀನಿ” ಎನ್ನುವ ಬದಲು “ಹೋಗ್ತೀಯಾ?” ಎನ್ನುವುದು, ತಾನು ಕೇಳಿದ ಮಾತನ್ನು ಇಡಿಯಾಗಿ ಹಾಗೆಯೇ ಎತ್ತಿಟ್ಟುಕೊಂಡಿರುವುದೇ ಕಾರಣ. ಆಗ ನಗದೆ, ತಿದ್ದುವ ಗೋಜಿಗೂ ಹೋಗದೆ, “ನೀರು ಬೇಕು” ಎಂದು ಅದರ ಪರವಾಗಿ ನಾವೇ ಹೇಳಿ ನೀರು ಕೊಡಬೇಕು. ಹೀಗೆ ನೀರು ಕೇಳಲರಿಯದ ಮಗುವೇ ಕುಣಿಗಲ್ ಕೆರೆಯ ಜಾನಪದ ಹಾಡನ್ನು ಮೊದಲಿನಿಂದ ಕೊನೆಯವರೆಗೆ ರಾಗತಪ್ಪದೆ ಹಾಡಿಬಿಟ್ಟೀತು. ಅದನ್ನು ಕಂಡವರು, “ಹಾಡುವುದಕ್ಕೆ ಬಾಯಿದೆ, ಕೇಳುವುದಕ್ಕಿಲ್ಲವೆ? ಇದೆಲ್ಲಾ ಹಟ” ಎನ್ನುವರು. ಹಟವಲ್ಲ. ಹಾಡು ಸದಾ ಒಂದೇ ರೂಪದಲ್ಲಿ ಬರುವುದು. ಮಾತುಕತೆ ಪ್ರತಿಸಲವೂ ಹೊಸದು. ಹಾಜರಿ ಕರೆಯುವಾಗ ಉತ್ತರ ಬಾರದಿದ್ದರೆ ಹೆಸರು ಬರೆದ ಚೀಟಿಯನ್ನು ಎತ್ತಿ ತೋರಿಸಲಿ, ಅದೇ ಹಾಜರಿ. ಆಜ್ಞೆಗಳು ಚಿಕ್ಕವಾಗಿರಲಿ. “ಓಡಬೇಡ” ಎಂಬುದಕ್ಕಿಂತ “ನಡೆ” ಎಂಬುದು ಬೇಗ ಮುಟ್ಟುವುದು.

ಇಷ್ಟೆಲ್ಲಾ ಮಾಡಿದರೂ ಒಂದು ದಿನ ಮಗುವು ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತೀತು, ಕೈಯನ್ನು ಕಚ್ಚಿಕೊಂಡೀತು. ಅಂಗಡಿಯ ಮುಂದೆ ಮಿಠಾಯಿಗಾಗಿ ಮಾಡುವ ರಚ್ಚೆಗೂ ಇದಕ್ಕೂ ವ್ಯತ್ಯಾಸವುಂಟು. ರಚ್ಚೆಯ ಮಗುವು ಒಂದು ಕಣ್ಣಿನಿಂದ ನಮ್ಮನ್ನು ನೋಡುತ್ತಿರುವುದು. ಈ ಮಗುವಿಗೆ ಆಗ ಯಾರೂ ಕಾಣರು. ಸುತ್ತ ಮುತ್ತಿಕೊಂಡು ಹತ್ತು ಜನ ಹತ್ತು ಮಾತು ಹೇಳಿದರೆ ಬೆಂಕಿಗೆ ತುಪ್ಪ ಸುರಿದಂತೆ. ಫ್ಯಾನು ನಿಲ್ಲಿಸಿ, ಮಕ್ಕಳನ್ನು ದೂರಮಾಡಿ, ಒಬ್ಬರೇ ಹತ್ತಿರ ಕುಳಿತು ಸುಮ್ಮನಿರಬೇಕು. ಅದಕ್ಕಾಗಿ ಕೊಠಡಿಯಲ್ಲೊಂದು ಶಾಂತವಾದ ಮೂಲೆ, ಒಂದು ಚಾಪೆ, ಒಂದು ಪರಿಚಿತ ವಸ್ತು ಇರಲಿ. ಆದರೆ ನಮ್ಮ ಶಾಲೆಗಳಲ್ಲಿ ಮೂಲೆಯೆಂದರೆ ತಪ್ಪುಮಾಡಿದವರನ್ನು ನಿಲ್ಲಿಸುವ ಸ್ಥಳವೆಂದು ಹಳೆಯ ಕೀರ್ತಿಯುಂಟು. ಆ ಮೂಲೆ ಈ ಮೂಲೆಯಾಗಬಾರದು. ಹೊಡೆತ ಬಡಿತಗಳನ್ನಂತೂ ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಎಲ್ಲ ಮಕ್ಕಳ ವಿಷಯದಲ್ಲಿಯೂ ನಿಷೇಧಿಸಿದೆ.

ಒಕ್ಕಲುತನದ ಸೀಮೆಯವರಾದ ನಮ್ಮ ವಾಚಕರಿಗೆ ಹಿಡಿಸಬಹುದಾದ ವೃತ್ತಾಂತವೊಂದಿದೆ. ಕ್ಯಾನರ್ ಅವರ ಲೇಖನದ ಮೊದಲನೆಯ ಮಗು ಡೊನಾಲ್ಡ್ ಟ್ರಿಪ್ಲೆಟ್ ಎಂಬ ಹುಡುಗ. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ೧೯೩೩ರಲ್ಲಿ ಹುಟ್ಟಿದವನು. ತಾಯಿತಂದೆಗಳು ಅವನನ್ನು ಕೆಲವು ವರ್ಷ ಹತ್ತಿರದ ಒಬ್ಬ ರೈತ ದಂಪತಿಗಳ ಮನೆಯಲ್ಲಿ ಬಿಟ್ಟಿದ್ದರು. ೧೯೪೫ರಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ನೋಡಿ ಬೆರಗಾದರು. ಹುಡುಗನಿಗೆ ಎಲ್ಲವನ್ನೂ ಅಳೆಯುವ ಗೀಳು. ರೈತನು ಅವನಿಂದ ಬಾವಿ ತೋಡಿಸಿ ಆಳವನ್ನು ಅಳೆದು ಹೇಳೆಂದನು. ಜೋಳದ ಸಾಲುಗಳನ್ನು ಎಣಿಸುತ್ತಲೇ ಇರುವ ಗೀಳು. ಹಾಗಾದರೆ ಉಳುತ್ತ ಎಣಿಸು ಎಂದು ಕುದುರೆಯ ನೇಗಿಲನ್ನು ಕೈಗೆ ಕೊಟ್ಟನು. ಗೀಳನ್ನು ಬಿಡಿಸುವ ಬದಲು ಅದಕ್ಕೊಂದು ಕೆಲಸ ಕೊಟ್ಟದ್ದು ಆ ರೈತನ ಜಾಣತನ. ಅಲ್ಲಿನ ಹಳ್ಳಿಯ ಶಾಲೆಯವರು ಅವನ ವಿಚಿತ್ರಗಳನ್ನು ಹಾಗೆಯೇ ಒಪ್ಪಿಕೊಂಡರು, ಹುಡುಗನು ಚೆನ್ನಾಗಿ ಓದಿದನು. ಮುಂದೆ ಕಾಲೇಜು ಮುಗಿಸಿ, ಊರಿನ ಬ್ಯಾಂಕಿನಲ್ಲಿ ಕೆಲಸಮಾಡಿ, ಒಬ್ಬನೇ ದೇಶದೇಶಗಳನ್ನು ತಿರುಗಿ, ೨೦೨೩ರಲ್ಲಿ ೮೯ನೆಯ ವಯಸ್ಸಿನಲ್ಲಿ ತೀರಿಕೊಂಡನು. ಎಲ್ಲ ಮಕ್ಕಳೂ ಹೀಗೆಯೇ ಆಗುವರೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಈ ಸ್ಥಿತಿಯಲ್ಲಿ ಒಬ್ಬರಂತೆ ಒಬ್ಬರಿಲ್ಲ. ಆದರೆ ಗುಬ್ಬಿಯಲ್ಲಿ ರೈಲು ಹೋಗುವಾಗಲೆಲ್ಲಾ ಕಿಟಕಿಗೆ ಓಡಿ ಬೋಗಿ ಎಣಿಸುವ ಮಗುವಿಗೆ ಲೆಕ್ಕದ ಮೊದಲ ಪಾಠವನ್ನು ಬೋಗಿಗಳಿಂದಲೇ ಏಕೆ ಹೇಳಬಾರದು?

ಶಾಲೆಯವರು ಸೇರಿಸಿಕೊಳ್ಳಲು ಹಿಂಜರಿದರೆ ತಾಯಿತಂದೆಗಳು ಬೇಡಿಕೊಳ್ಳಬೇಕಾದುದಿಲ್ಲ. ೧೯೯೫ರ ಕಾಯಿದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯ ೨೧ ಸ್ಥಿತಿಗಳಲ್ಲಿ ಅದೂ ಒಂದು. ಸರಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂತಹ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಅವರಿಗೆ ಬೇಕಾದ ಅನುಕೂಲಗಳನ್ನು ಕಲ್ಪಿಸಬೇಕೆಂದು ಅದು ವಿಧಿಸುತ್ತದೆ. ನೂರಕ್ಕೆ ೪೦ ಅಥವಾ ಹೆಚ್ಚಿನ ಪ್ರಮಾಣದ ವೈಕಲ್ಯವೆಂದು ಪ್ರಮಾಣಪತ್ರವುಳ್ಳ ಮಕ್ಕಳಿಗೆ ೬ರಿಂದ ೧೮ ವರ್ಷದವರೆಗೆ ನೆರೆಯ ಶಾಲೆಯಲ್ಲಿಯೋ ತಾವು ಆರಿಸಿಕೊಂಡ ವಿಶೇಷ ಶಾಲೆಯಲ್ಲಿಯೋ ಉಚಿತ ಶಿಕ್ಷಣದ ಹಕ್ಕಿದೆ. ಗುಬ್ಬಿ, ಕುಣಿಗಲ್ ಮೊದಲಾದ ತಾಲ್ಲೂಕುಗಳ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದವರನ್ನು ವಿಚಾರಿಸಬೇಕು. ಇನ್ನೂ ಪರೀಕ್ಷೆಯೇ ಆಗಿಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಮಕ್ಕಳ ವಿಭಾಗವೂ, ಮಾತಿನ ಮಟ್ಟಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇವೆ. ಕಾಯಿದೆಯ ಮಾತನ್ನು ಮೊದಲ ಭೇಟಿಯಲ್ಲಿಯೇ ಎತ್ತಬಾರದೆಂದು ನಮ್ಮ ಅಭಿಪ್ರಾಯ. ಮಗುವಿಗೆ ಏನು ಇಷ್ಟ, ಯಾವ ಸದ್ದಿಗೆ ಅಂಜುವುದು, ಅಳುವಾಗ ಏನು ಮಾಡಿದರೆ ಸಮಾಧಾನ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಉಪಾಧ್ಯಾಯರ ಕೈಗೆ ಕೊಟ್ಟರೆ, ಮೂವತ್ತು ಮಕ್ಕಳನ್ನು ನೋಡಿಕೊಳ್ಳಬೇಕಾದ ಅವರಿಗೆ ಅದರಿಂದಲೇ ಹೆಚ್ಚು ಸಹಾಯ.

ತರಗತಿಯ ಇತರ ಮಕ್ಕಳ ವಿಷಯದಲ್ಲಿ ಹೆಚ್ಚಾಗಿ ಹೇಳಬೇಕಾದುದಿಲ್ಲ. “ಅವನಿಗೆ ದೊಡ್ಡ ಸದ್ದು ಆಗುವುದಿಲ್ಲ, ಮೆಲ್ಲಗೆ ಮಾತನಾಡಿ” ಎಂದು ಒಮ್ಮೆ ಹೇಳಿದರೆ ಅವರು ದೊಡ್ಡವರಿಗಿಂತ ಬೇಗ ತಿಳಿದುಕೊಳ್ಳುವರು. ಕೈಹಿಡಿದು ಕರೆದೊಯ್ಯುವ ಕೆಲಸವನ್ನು ಒಬ್ಬಳೇ ಹುಡುಗಿಗೆ ವರ್ಷವೆಲ್ಲಾ ಹೊರಿಸದೆ ವಾರಕ್ಕೊಬ್ಬರಂತೆ ಹಂಚಿದರೆ ಸರಿ.

ಹದಿನೈದು ದಿನ ಕಳೆದು ಮಗುವು ಹೊಂದಿಕೊಂಡಿತೆಂದು ಚಿತ್ರದ ಪುಸ್ತಕವನ್ನು ಅಟ್ಟಕ್ಕೆ ಹಾಕಬಾರದು. ದಸರಾ ರಜೆಯ ಬಳಿಕ ಶಾಲೆಯು ಈ ಮಗುವಿಗೆ ಮತ್ತೆ ಹೊಸದಾಗಿಬಿಡುವುದುಂಟು. ತೆರೆಯುವ ಹಿಂದಿನ ಸಂಜೆ ಗೇಟಿನವರೆಗೆ ನಡೆದುಹೋಗಿ ಬಂದರೆ ಒಳಿತು. ನಲಿಕಲಿಯ ನೆಲದ ಗುಂಪಿನಿಂದ ನಾಲ್ಕನೆಯ ತರಗತಿಯ ಬೆಂಚಿನ ಸಾಲಿಗೆ ಹೋಗುವ ವರ್ಷವಂತೂ, ಶಾಲೆ ಅದೇ, ಗೇಟು ಅದೇ ಎಂದು ಎಲ್ಲರೂ ಮೈಮರೆಯುತ್ತಾರೆ. ಆ ವರ್ಷದ ಏಪ್ರಿಲಿನಲ್ಲಿಯೇ, ಬೇಸಿಗೆಯ ರಜಕ್ಕೆ ಬಾಗಿಲು ಹಾಕುವ ಮುಂಚೆ, ಮಗುವನ್ನು ನಾಲ್ಕನೆಯ ತರಗತಿಯ ಬೆಂಚಿನ ಮೇಲೆ ದಿನಕ್ಕೆ ಹತ್ತು ನಿಮಿಷ ಕೂರಿಸಿ ಅಭ್ಯಾಸಮಾಡಿಸಲು ಉಪಾಧ್ಯಾಯರನ್ನು ಕೇಳಿಕೊಳ್ಳಬೇಕು.